ಹೊಗೆ ಖೋಲಿಯ ಬಾಗಿಲು

ನಾನು ಓದು ನಿಲ್ಲಿಸಿದ್ದು ೨೦೦೩ರಲ್ಲಿ, ಎಂಟನೇ ಇಯತ್ತೆಯಲ್ಲಿದ್ದಾಗ, ಶ್ರಾವಣ ಮುಗಿಯುವ ಹೊತ್ತಿಗೆ. ಫೇಲಾಗಿರಲಿಲ್ಲ. ಫೀ ಕಟ್ಟಲಾಗದೆ ಬಿಟ್ಟದ್ದೂ ಅಲ್ಲ. ಯಾರೂ ನನ್ನ ಹೆಸರು ತೆಗೆದುಹಾಕಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಶಾಲೆ ಬಿಟ್ಟವನು ಅಂದಕೂಡಲೇ ಜನ ತಮ್ಮಷ್ಟಕ್ಕೆ ಒಂದು ಕಥೆ ಕಟ್ಟಿಕೊಂಡು ಅಯ್ಯೋ ಪಾಪ ಅನ್ನಲು ಶುರು ಮಾಡುತ್ತಾರೆ. ನನ್ನ ವಿಷಯದಲ್ಲಿ ಅದಕ್ಕೆ ಜಾಗವಿಲ್ಲ. ಲೆಕ್ಕದಲ್ಲಿ ನಾನು ತರಗತಿಗೇ ಮುಂದಿದ್ದೆ. ಮನೆಯಲ್ಲಿ ಜೋಳದ ಚೀಲ ಯಾವತ್ತೂ ಖಾಲಿಯಾದದ್ದು ನೋಡಲಿಲ್ಲ. ಆ ಮನೆಯಲ್ಲಿ ಇಲ್ಲದೇ ಇದ್ದದ್ದೆಂದರೆ ಏಟು ಬೀಳದ ಮೂಲೆ.

ನಮ್ಮ ಮನೆ ಇದ್ದದ್ದು ಕಮಲಾಪುರದಲ್ಲಿ, ವಾರದ ಸಂತೆ ಕೂಡುವ ಬಯಲಿನ ಹಿಂದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮುಂದಿನ ಪಡಸಾಲೆ ಅಪ್ಪನದು. ಬದಿಗೆ ದೇವರ ಕೋಣೆ, ಎದುರಿಗೆ ಅವ್ವನ ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು ದಾಟಿದರೆ ಹೊಗೆ ಖೋಲಿ. ಅಪ್ಪನ ಹೆಸರು ಬಸಣ್ಣ. ಊರಿನ ಕೆಂಪು ಬಾಳೆಯನ್ನು ನಮ್ಮ ತೋಟದಲ್ಲೂ ಬೆಳೆಯುತ್ತಿದ್ದ, ಬೇರೆಯವರ ತೋಟದ ಗೊನೆಯನ್ನೂ ಕೊಂಡು ಹಣ್ಣು ಮಾಡಿ ಕಲಬುರಗಿಗೆ ಕಳಿಸುತ್ತಿದ್ದ. ಬೆಳಗ್ಗೆ ಜಳಕ ಮಾಡಿ ವಿಭೂತಿ ಹಚ್ಚಿಕೊಂಡು, ಎಡ ಅಂಗೈ ಮೇಲೆ ಲಿಂಗ ಇಟ್ಟು ಬಲಗೈಯಿಂದ ಹೂ ಏರಿಸುತ್ತ ಕೂತನೆಂದರೆ ನನಗೆ ಉಸಿರು ಹಗುರಾಗುತ್ತಿತ್ತು. ಅಪ್ಪನ ಎರಡೂ ಕೈಗೆ ಕೆಲಸವಿರುತ್ತಿದ್ದ ಹೊತ್ತು ಅದೊಂದೇ. ನಾನು ಬೇಕೆಂದೇ ಆಗ ಬಂದು ಎದುರಿಗೆ ಕೂಡುತ್ತಿದ್ದೆ. ನೋಡಿದವರು ಹುಡುಗನಿಗೆ ಎಂಥ ಭಕ್ತಿ ಅನ್ನುತ್ತಿದ್ದರು.

ಪೂಜೆ ಮುಗಿದರೆ ಊಟ. ರೊಟ್ಟಿ ಹಂಚಿನಿಂದ ನೇರ ಅವನ ತಾಟಿಗೆ ಬರಬೇಕು. ಒಂದು ರೊಟ್ಟಿ ಆರಿತ್ತೋ, ಅದು ಪಡಸಾಲೆಯಿಂದ ಹಾರಿ ಅಡುಗೆಮನೆಯ ಗೋಡೆಗೆ ಬಡಿಯುತ್ತಿತ್ತು. ಅದರ ಹಿಂದೆ ತಾಟು, ತಾಟಿನ ಹಿಂದೆ ಅಪ್ಪ. ಒಮ್ಮೆ ತಾಟಿನ ಅಂಚು ತಗಲಿ ಅವ್ವನ ಹುಬ್ಬು ಒಡೆದಿತ್ತು. ಅವಳು ಒಂದು ಕೈಯಿಂದ ಸೆರಗನ್ನು ಕಣ್ಣಿಗೆ ಒತ್ತಿ ಹಿಡಿದು ಇನ್ನೊಂದು ಕೈಯಿಂದ ರೊಟ್ಟಿ ಬಡಿದಳು. ಬಡಿಯುವ ಸದ್ದು ಒಮ್ಮೆಯೂ ತಪ್ಪಲಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೊಸ್ತಿಲ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಏಟೆಲ್ಲ ಬಿದ್ದಾದ ಮೇಲೆ ಆಯಿಯ ಬಾಯಿಂದ ಮಾತು ಹೊರಡುತ್ತಿತ್ತು:

“ಸಾಕು ಬಿಡೋ ಬಸಣ್ಣ. ರೊಟ್ಟಿ ಹೊತ್ತಾಕತ್ತಾದ.”

ಇನ್ನು ಹೊಗೆ ಖೋಲಿ. ಕಿಟಕಿಯಿಲ್ಲದ ಸಣ್ಣ ಖೋಲಿ ಅದು. ನೆಲಕ್ಕೆ ಹುಲ್ಲು ಹಾಸಿ ಗೊನೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೂಲೆಯಲ್ಲಿ ಒಡಕು ಗಡಿಗೆಯಲ್ಲಿ ಸಗಣಿ ಕುಳ್ಳು, ಹೊಟ್ಟು ಹಾಕಿ ಹೊಗೆ ಎಬ್ಬಿಸಿ, ಬಾಗಿಲು ಮುಚ್ಚಿ, ಸಂದಿಗೊಂದಿಗೆಲ್ಲ ಸಗಣಿ ಮಣ್ಣು ಮೆತ್ತುತ್ತಿದ್ದರು. ಮೆತ್ತಿದ ಮೇಲೆ ಅಪ್ಪ ಹೇಳುವ ತನಕ ಆ ಬಾಗಿಲಿಗೆ ಯಾರೂ ಬೆರಳು ತಾಕಿಸುವಂತಿಲ್ಲ. ಒಳಗಿನ ಕಾವು ಒಂದೇ ಸಮ ಇರಬೇಕು. ಕೆಂಪು ಬಾಳೆ ಮೊದಲೇ ಹಟಮಾರಿ ಹಣ್ಣು. ನಡುವೆ ತೆರೆದರೆ ಒಂದು ಕಡೆ ಮಾಗಿ ಇನ್ನೊಂದು ಕಡೆ ಗಟ್ಟಿ ಉಳಿಯುತ್ತದೆ, ಸಿಪ್ಪೆಗೆ ಕಪ್ಪು ಹತ್ತುತ್ತದೆ, ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿ ಹಾಗೇ ಕೆಳಗಿಡುತ್ತಾನೆ. ಅದರಲ್ಲೂ ಶ್ರಾವಣದ ಮಾಲು. ಕಲಬುರಗಿಯವರು ದೇವರಿಗೆ ಒಯ್ಯುವ ಹಣ್ಣು. ಅದರ ಮೇಲೆಯೇ ನಮ್ಮ ವರ್ಷದ ಬಟ್ಟೆಬರೆ, ಬೀಗರ ಮುಂದಿನ ಮರ್ಯಾದೆ ಎಲ್ಲ ನಿಂತಿತ್ತು.

ನಾನು ಏಳನೇ ಇಯತ್ತೆ ಮುಗಿಸಿ, ಬೇಸಿಗೆ ರಜೆಯೂ ಮುಗಿಯುತ್ತ ಬಂದಾಗ ಅಪ್ಪ ಊಟಕ್ಕೆ ಕೂತು ತೀರ್ಪು ಕೊಟ್ಟಿದ್ದ:

“ಲೆಕ್ಕ ಬರ್ತದ, ಓದಾಕ ಬರ್ತದ. ಸಾಕು. ನಾಳಿಂದ ಶಿವ್ಯಾ ತ್ವಾಟಕ್ಕ ಬರಲಿ.”

ಅವ್ವ ಜೀವನದಲ್ಲಿ ಅಪ್ಪನಿಗೆ ಏನನ್ನೂ ಕೇಳಿದವಳಲ್ಲ. ಅವತ್ತು ಅಡುಗೆಮನೆಯಿಂದ ಎದ್ದು ಬಂದು ಪಡಸಾಲೆಯ ಕಂಬ ಹಿಡಿದು ನಿಂತಳು.

“ಹತ್ತನೇತ್ತ ಮುಗಸಲಿ.”

“ಏನಂದಿ?”

“ಹತ್ತನೇತ್ತ ಮುಗಸಲಿ ಅಂದೆ. ನನ್ನ ತಮ್ಮಂದಿರು ಯಾರೂ ಓದಲಿಲ್ಲ. ಇವನರೆ ಓದಲಿ.”

ಅಪ್ಪ ಎಂಜಲು ಕೈಯಲ್ಲೇ ಎದ್ದ. ಮೊದಲ ಏಟಿಗೆ ಅವ್ವ ಕಂಬಕ್ಕೆ ಹೊರಳಿದಳು, ಬೀಳಲಿಲ್ಲ. ಎರಡನೆಯದಕ್ಕೂ ಬೀಳಲಿಲ್ಲ. ಅವಳ ಬಾಯಿಂದ ಬಂದ ಮಾತು ನನಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

“ಹೊಡೀರಿ. ಎಷ್ಟು ಬೇಕು ಅಷ್ಟು ಹೊಡೀರಿ. ಹೊಡದ ಮ್ಯಾಲ ಸಾಲಿಗಿ ಕಳಸ್ರಿ.”

ಹೊಡೆದು ಹೊಡೆದು ಅಪ್ಪ ಸುಸ್ತಾಗಿ ಕೂತ. ನೀರು ಕುಡಿದು, ನನ್ನ ಕಡೆ ಬೆರಳು ತೋರಿಸಿ ಅಂದ:

“ಈ ವರ್ಷ ಹೋಗು. ಸಾಲಿ ಕಡಿಂದ ಒಂದೇ ಒಂದು ತಕರಾರು ಮನಿಗಿ ಬಂತಂದ್ರ ಅವತ್ತೇ ಬಂದ್. ತಿಳೀತೇನು?”

ಹಾಗೆ ನಾನು ಎಂಟನೇ ಇಯತ್ತೆಗೆ ಹೋದೆ. ಅವ್ವನ ಕೆನ್ನೆಯ ಬಾವು ಇಳಿಯುವ ಮೊದಲೇ ಶಾಲೆ ಶುರುವಾಗಿತ್ತು.

ಆ ವರ್ಷ ಕಲಬುರಗಿಯಿಂದ ದಿನಾ ಬಸ್ಸಿಗೆ ಬರುವ ಹೊಸ ಮಾಸ್ತರರೊಬ್ಬರು ನಮಗೆ ವಿಜ್ಞಾನಕ್ಕೆ ಬಂದರು. ಚಿದಾನಂದ ಸರ್. ತೆಳ್ಳನೆಯ ಆಳು, ಕಿಸೆಯಲ್ಲಿ ಎರಡು ಪೆನ್ನು. ನಮ್ಮಲ್ಲಿ ಎಲ್ಲ ಮಾಸ್ತರರೂ ಬಡಿಗೆ ಹಿಡಿದೇ ಒಳಗೆ ಬರುತ್ತಿದ್ದರು. ಇವರು ಬಡಿಗೆಯನ್ನು ನಕಾಶೆ ತೋರಿಸಲು ಮಾತ್ರ ಎತ್ತಿದರು. ಮನೆಯಲ್ಲಿ ಹೊಡೆಯುವವನು, ಶಾಲೆಯಲ್ಲಿ ಹೊಡೆಯುವವರು, ದಾರಿಯಲ್ಲಿ ಹೊಡೆಯುವ ದೊಡ್ಡ ಹುಡುಗರು, ಇವರ ನಡುವೆ ಹೊಡೆಯದ ಒಬ್ಬ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಆ ಮನುಷ್ಯನಿಗಾಗಿ ನಾನು ಬಾವಿಗೆ ಹಾರು ಅಂದರೂ ಹಾರುತ್ತಿದ್ದೆ.

ಪುಸ್ತಕ ಮುಚ್ಚಿಡಿ ಅಂದರು ಅವರು. ನಮ್ಮನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಪ್ರಾಜೆಕ್ಟ್ ಕೊಟ್ಟರು. ಊರಲ್ಲಿ ನಡೆಯುವ ಕೆಲಸವನ್ನೇ ಹಿಡಿಯಬೇಕು, ಅಲ್ಲೊಂದು ಪ್ರಶ್ನೆ ಹುಟ್ಟಬೇಕು, ಉತ್ತರ ನಾವೇ ನೋಡಿ, ಮಾಡಿ, ಕಂಡುಕೊಳ್ಳಬೇಕು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಕಲಬುರಗಿಯ ಪ್ರದರ್ಶನಕ್ಕೆ ಹೋಗುತ್ತದೆ. ನಮ್ಮ ಗುಂಪಿನಲ್ಲಿ ನಾನು, ನನ್ನ ಗೆಳೆಯ ಮೌಲಾ, ಇನ್ನೂ ನಾಲ್ಕೈದು ಮಂದಿ. ಮೌಲಾ ಎದ್ದು ನಿಂತು ಕೇಳಿದ:

“ಸರ್, ನಮಗ ಹಣ್ಣು ತಿನ್ನೋ ಪ್ರಾಜೆಕ್ಟ್ ಕೊಡ್ರಿ.”

“ತಿನ್ನೋದು ಕಡೀಗಿ. ಮೊದಲ ಹೇಳು, ಕಾಯಿ ಹಣ್ಣು ಯಾಕ ಆಗ್ತದ?”

“ಟೈಮ್ ಆಗ್ತದ, ಅದಕ್ಕ ಆಗ್ತದ್ರಿ.”

“ಕಿಟಕ್ಯಾಗ ಇಟ್ರೂ ಅಷ್ಟೇ ಟೈಮ್? ಡಬ್ಬ್ಯಾಗ ಇಟ್ರೂ ಅಷ್ಟೇ? ಶಿವಪುತ್ರನ ಮನ್ಯಾಗ ಹೊಗಿ ಹಾಕಿದ್ರೂ ಅಷ್ಟೇ?”

ನಮ್ಮ ಪ್ರಾಜೆಕ್ಟ್ ಹಾಗೆ ಹುಟ್ಟಿತು. ಒಂದೇ ಗೊನೆಯ ಒಂದು ಚಿಪ್ಪು ತರಗತಿಯ ಕಿಟಕಿಯಲ್ಲಿ, ಒಂದು ಹುಲ್ಲು ತುಂಬಿದ ತಗಡಿನ ಡಬ್ಬಿಯಲ್ಲಿ, ಉಳಿದದ್ದು ನಮ್ಮ ಹೊಗೆ ಖೋಲಿಯಲ್ಲಿ. ದಿನಾ ಮೂರನ್ನೂ ನೋಡಿ ಬಣ್ಣ, ಮೃದುತನ, ಕಾವು ಎಲ್ಲ ದೊಡ್ಡ ಹಾಳೆಯ ಮೇಲೆ ಬರೆಯಬೇಕು. ನಾನು ಅಲ್ಲೇ ಎದ್ದು ನಿಂತು ಹೇಳಿದ್ದೆ:

“ಸರ್, ಖೋಲಿ ಬಾಗಿಲಾ ನಡುವ ತೆಗಿಯೂದಿಲ್ರಿ. ಅಪ್ಪ ಬಿಡೂದಿಲ್ಲ.”

“ನೋಡಲಾರದ ಹೆಂಗ ಬರೀತಿ? ತೆರದ್ರ ಏನಾಗ್ತದ ಅನ್ನೋದೂ ಪ್ರಾಜೆಕ್ಟೇ ಅಲ್ಲೇನು?”

ಸರ್ ನಕ್ಕರು, ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಈಗ ನನ್ನ ದೊಡ್ಡ ಮಗಳ ಶಾಲೆಯಲ್ಲೂ ಪ್ರಾಜೆಕ್ಟ್ ಅನ್ನುತ್ತಾರೆ. ಅಂಗಡಿಯಿಂದ ಥರ್ಮೋಕೋಲ್ ತರುವವನು ನಾನು, ಕತ್ತರಿಸುವವಳು ನನ್ನ ಹೆಂಡತಿ, ಹೆಸರು ಬರೆಯುವವಳು ಮಗಳು. ಅದನ್ನು ನೋಡಿದಾಗ ಚಿದಾನಂದ ಸರ್ ಮಾಡಿಸಿದ್ದೇ ಅಸಲಿ ಅನ್ನಿಸುತ್ತದೆ. ಆ ಮಾತು ಅವರಿಗೆ ಸಲ್ಲಬೇಕಾದದ್ದು, ಸಲ್ಲಿಸುತ್ತೇನೆ. ಮುಂದೆ ಅವರು ಮಾಡಿದ್ದೂ ಅವರಿಗೇ ಸಲ್ಲಬೇಕು.

ಶ್ರಾವಣದ ಮಾಲು ತುಂಬಿ ಬಾಗಿಲು ಮೆತ್ತಿದ ಮರುದಿನವೇ ಹುಮನಾಬಾದಿನಿಂದ ಸುದ್ದಿ ಬಂತು. ಅಪ್ಪನ ಅಕ್ಕನ ಗಂಡ ತೀರಿಕೊಂಡಿದ್ದ. ಆಯಿಗೆ ಬಸ್ಸಿನ ಪ್ರಯಾಣ ಆಗುತ್ತಿರಲಿಲ್ಲ, ಅಪ್ಪ ಒಬ್ಬನೇ ಹೋಗಿ ಮೂರು ದಿನದ ಕಾರ್ಯ ಮುಗಿಸಿಯೇ ಬರಬೇಕಿತ್ತು. ಹೊರಡುವಾಗ ಹಿತ್ತಲಿಗೆ ಹೋಗಿ ಮೆತ್ತಿದ ಮಣ್ಣನ್ನು ಅಂಗೈಯಿಂದ ಸವರಿ ನೋಡಿ, ಯಾರನ್ನೂ ನೋಡದೆ ಹೇಳಿದ:

“ನಾ ಬರೂತನಕ ಇದಕ್ಕ ಯಾರರೆ ಕೈ ಹಚ್ಚಿದ್ರ ಆ ಕೈ ಇರೂದಿಲ್ಲ.”

ಅವತ್ತೇ ಮಧ್ಯಾಹ್ನ ಚಿದಾನಂದ ಸರ್ ನಮ್ಮ ಗುಂಪನ್ನು ಕರೆದುಕೊಂಡು ಮನೆಗೆ ಬಂದರು. ನಮ್ಮ ಮನೆಗೆ ಮಾಸ್ತರರು ಬಂದದ್ದು ಅದೇ ಮೊದಲು. ಮನೆಗೆ ಬಂದ ಮಾಸ್ತರರಿಗೆ ಇಲ್ಲ ಅನ್ನುವುದು ನಮ್ಮ ಕಡೆ ಯಾರಿಗೂ ಬಾಯಿಗೆ ಬರುವ ಮಾತಲ್ಲ. ಅವ್ವ ಪಡಸಾಲೆಯಲ್ಲಿ ಅಪ್ಪ ಕೂಡುವ ಜಾಗದಲ್ಲೇ ಜಮಖಾನೆ ಹಾಸಿದಳು. ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿದಳು. ಸರ್ ಚಹಾ ಕುಡಿದು ವಿಷಯ ಹೇಳಿದಾಗ ಆಯಿ ಹೊಸ್ತಿಲಿಂದಲೇ ಅಂದಳು:

“ಬ್ಯಾಡ ಗಂಗವ್ವ. ಬಸಣ್ಣ ಬಂದ್ರ ಸುಮ್ಮ ಇರಾಂವಲ್ಲ.”

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅವಳು ಏನು ಯೋಚಿಸುತ್ತಿದ್ದಾಳೆ ಅನ್ನುವುದು ಅವಳು ಬಾಯಿ ತೆರೆದಾಗಲೇ ನನಗೆ ತಿಳಿದದ್ದು.

“ಸರ್ರ, ಬಾಗಿಲಾ ನಾ ತೆಗೀತೀನಿ. ನೀವೂ ನನಗೊಂದು ಮಾತು ಕೊಡ್ರಿ. ಇವನಪ್ಪ ಇವನ್ನ ಸಾಲಿ ಬಿಡಸ್ತೀನಂತ ಕುಂತಾರ. ನೀವೇ ಅವರ ಮುಂದ ನಿಂತು ಹೇಳಬೇಕು, ಹತ್ತನೇತ್ತ ತನಕ ಬಿಡಸಬ್ಯಾಡ್ರಿ ಅಂತ. ನೀವು ಹೇಳಿದ್ರ ಕೇಳ್ತಾರ.”

“ಹೇಳ್ತೀನಿ ತಾಯಿ. ಅದೇನು ದೊಡ್ಡ ಮಾತು?”

ಅವ್ವ ಕುಡಗೋಲು ತಂದು ಮೆತ್ತಿದ ಮಣ್ಣು ಕೆತ್ತಿದಳು. ಬಾಗಿಲು ತೆರೆದಾಗ ಹೊಗೆ ಮುಖಕ್ಕೆ ಬಡಿಯಿತು. ಎಲ್ಲರೂ ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಒಳಗೆ ನುಗ್ಗಿದೆವು. ಸರ್ ಉಷ್ಣಮಾಪಕ ಹಿಡಿದು ನಿಂತರು. ಮೌಲಾ ಕಾಯಿ ಹಿಚುಕಿ ಹಿಚುಕಿ ನೋಡಿದ. ನಾನು ಹಾಳೆಯ ಮೇಲೆ ಬರೆದೆ. ಅವ್ವ ಬಾಗಿಲ ಬಳಿ ನಿಂತು, ತನ್ನ ಮಗ ಬರೆಯುವುದನ್ನು ನೋಡುತ್ತ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎಲ್ಲರೂ ಹೋದ ಮೇಲೆ ಹೊಸ ಸಗಣಿ ಮಣ್ಣು ಕಲಸಿ ಮತ್ತೆ ಮೆತ್ತಿದಳು. ಮರುದಿನವೂ ಬಂದೆವು, ಅದರ ಮರುದಿನವೂ ಬಂದೆವು. ಪ್ರತಿ ಸಲವೂ ಅವಳೇ ಕೆತ್ತಿದಳು, ಅವಳೇ ಮೆತ್ತಿದಳು. ಖೋಲಿಯ ಕಾವು ಪ್ರತಿ ದಿನ ಇಳಿಯುತ್ತಿದ್ದದ್ದು ನನ್ನ ಹಾಳೆಯ ಮೇಲೆ ನನ್ನ ಅಕ್ಷರದಲ್ಲೇ ಇತ್ತು. ಸರ್ ಅದನ್ನು ಓದಿ ಬೆನ್ನು ತಟ್ಟಿದರು.

ಅಪ್ಪ ಬಂದವನು ಚೀಲ ಕೂಡ ಇಳಿಸದೆ ಹಿತ್ತಲಿಗೆ ಹೋದ. ನಾನು ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು ಉಣ್ಣುತ್ತಿದ್ದೆ. ಬಾಗಿಲು ಕಿತ್ತ ಸದ್ದು ಕೇಳಿತು. ಒಳಗೆ ಬಂದಾಗ ಅವನ ಒಂದು ಕೈಯಲ್ಲಿ ಕಪ್ಪು ಹತ್ತಿದ ಚಿಪ್ಪು, ಇನ್ನೊಂದರಲ್ಲಿ ಗೊನೆ ಹೊರುವ ಬಿದಿರಿನ ಬಡಿಗೆ.

“ಯಾರು?”

“ನಾ,” ಅಂದಳು ಅವ್ವ. ನನ್ನ ಕಡೆ ನೋಡಲೂ ಇಲ್ಲ.

“ಯಾಕ?”

“ಮಾಸ್ತರ್ರು ಮನಿಗಿ ಬಂದು ಕೇಳಿದ್ರು. ಹುಡುಗರ ಪಾಠಕ್ಕ.”

ಮೊದಲ ಏಟು ಬೆನ್ನಿಗೆ. ಎರಡನೆಯದು ತಲೆಗೆ ಬರುತ್ತಿತ್ತು, ಅವ್ವ ಯಾವಾಗಲೂ ಮಾಡುವ ಹಾಗೆ ಬಲಗೈ ಮೇಲೆ ಎತ್ತಿದಳು. ಒಣ ಕಟ್ಟಿಗೆ ಮುರಿದಂಥ ಸದ್ದು. ಕೈ ಮೊಣಕೈ ಕೆಳಗೆ ಬಾಗಬಾರದ ಕಡೆ ಬಾಗಿತ್ತು. ಅವಳು ತನ್ನ ಕೈಯನ್ನೇ ನೋಡಿದಳು. ಅಪ್ಪ ಮತ್ತೆ ಎತ್ತಿದ. ನಾನು ಅವನ ಮೀನಖಂಡಕ್ಕೆ ಬಾಯಿ ಹಾಕಿದೆ. ಬಾಯಲ್ಲಿ ರಕ್ತ ಬರುವ ತನಕ ಬಿಡಲಿಲ್ಲ. ಅವನು ಕಾಲು ಝಾಡಿಸಿದ ರಭಸಕ್ಕೆ ಒಲೆಯ ಕಲ್ಲಿಗೆ ಬಿದ್ದೆ, ಮುಂದಿನ ಹಲ್ಲು ಅಲ್ಲೇ ಉದುರಿತು. ಆಯಿ ಆವತ್ತು ಏಟು ಮುಗಿಯುವ ತನಕ ಕಾಯಲಿಲ್ಲ. ಎದ್ದು ಬಂದು ಸೊಸೆಯ ಮೇಲೆ ಅಡ್ಡ ಬಿದ್ದಳು.

“ನನ್ನ ಮ್ಯಾಲ ಹೊಡಿಯೋ ಈಗ. ಹೊಡಿ, ಹಡದಾಕಿ ಮ್ಯಾಲ ಹೊಡಿ!”

ಮೂಳೆ ಕಟ್ಟುವವನು ಬಂದು ಬಿದಿರಿನ ಪಟ್ಟಿ ಇಟ್ಟು ಬಿಗಿದ. ಕಟ್ಟಿದ್ದು ಸೊಟ್ಟಗೆ ಅಂತ ಗೊತ್ತಾಗುವ ಹೊತ್ತಿಗೆ ಕೂಡಿಬಿಟ್ಟಿತ್ತು.

ಮರುದಿನ ಬೆಳಗ್ಗೆ ಅಪ್ಪ ಎಂದಿನ ಹಾಗೆ ಪೂಜೆ ಮಾಡಿದ. ಆಮೇಲೆ ಒಂದು ಬುಟ್ಟಿ ತುಂಬ ಕೆಟ್ಟ ಹಣ್ಣು ಹೊತ್ತು, ಕುಂಟುತ್ತ, ಶಾಲೆಗೆ ನಡೆದ. ನಾನು ಹಿಂದೆ ಓಡಿದೆ. ತರಗತಿ ನಡೆಯುತ್ತಿತ್ತು. ಅಪ್ಪ ನೇರ ಒಳಗೆ ಹೋಗಿ ಬುಟ್ಟಿಯನ್ನು ಸರ್ ಮೇಜಿನ ಮೇಲೆ ಬೋರಲು ಹಾಕಿದ.

“ತಗೋ, ನಿನ್ನ ಪ್ರಾಜೆಕ್ಟ್. ಪಾಸ್ ಮಾಡು ಇದನ್ನ!”

ಸರ್ ಎದ್ದು ನಿಂತರು. ಅಪ್ಪ ಅಂಗಿಯ ಕೊರಳು ಹಿಡಿದು ಕೆನ್ನೆಗೆ ಬಾರಿಸಿದ. ಕಿಸೆಯ ಪೆನ್ನು ಎರಡೂ ನೆಲಕ್ಕೆ ಬಿದ್ದವು. ನಾನು ಸರ್ ಬಾಯನ್ನೇ ನೋಡುತ್ತಿದ್ದೆ. ಹೊಡೆತ ಬಿದ್ದರೇನಾಯಿತು, ಅವ್ವನಿಗೆ ಕೊಟ್ಟ ಮಾತು ಹೇಳುವ ಹೊತ್ತು ಬಂದಿದೆ, ಹೇಳುತ್ತಾರೆ ಅಂತ ನನ್ನ ನಂಬಿಕೆ. ಸರ್ ಬಾಯಿ ತೆರೆದರು.

“ನನಗ್ಯಾಕ ಹೊಡೀತೀರಿ? ನಿಮ್ಮ ಹುಡುಗನೇ ಮನಿಗಿ ಕರಕೊಂಡು ಹೋದ. ನಿಮ್ಮ ಹೆಂಡ್ತಿನೇ ಬಾಗಿಲಾ ತೆಗದ್ಲು. ನಾ ತೆಗಿ ಅಂದಿಲ್ಲ.”

ಅಪ್ಪ ಅವರ ಮುಖವನ್ನೇ ನೋಡಿದ. ನೆಲಕ್ಕೆ ಉಗುಳಿ ಹೊರಟುಹೋದ. ಸರ್ ಪೆನ್ನು ಎತ್ತಿಕೊಂಡರು, ಕೊರಳು ಸರಿಮಾಡಿಕೊಂಡರು. ಹುಡುಗರೆಲ್ಲ ನೋಡುತ್ತಿದ್ದರು. ಆಗ ಅವರ ಕೈ ನಕಾಶೆಯ ಬಡಿಗೆಗೆ ಹೋಯಿತು. ಅದನ್ನು ಹಿಡಿದು ಅವರು ನನ್ನ ಕಡೆ ಬಂದರು.

“ಅಪ್ಪಗ ಹೇಳಿ ಹೊಡಸ್ತೀ? ಹಲ್ಕಟ್, ಅಪ್ಪಗ ಹೇಳಿ ಹೊಡಸ್ತೀ?”

ಬೆನ್ನು, ತೋಳು, ತೊಡೆ, ಸಿಕ್ಕ ಕಡೆ. ಹೊಡೆದು ರೂಢಿ ಇಲ್ಲದ ಕೈ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅದಕ್ಕೆ ತಿಳಿದಿರಲಿಲ್ಲ. ಮೌಲಾ ಎದ್ದು ನಿಂತು ಕೂಗಿದ:

“ಸರ್, ಅಂವ ಮೊದಲೇ ಬ್ಯಾಡ ಅಂದಿದ್ದ! ನೀವೇ ನಕ್ರಿ!”

ಮೌಲಾನಿಗೂ ಬಿತ್ತು. ನಾನು ಅಳಲಿಲ್ಲ. ಅಪ್ಪನ ಏಟಿಗೆ ಹೋಲಿಸಿದರೆ ಅದು ಏಟೇ ಅಲ್ಲ. ಬಡಿಗೆ ಮುರಿದ ಮೇಲೆ ನನ್ನ ಪಾಟಿಚೀಲ ಎತ್ತಿಕೊಂಡೆ. ಗೋಡೆಯ ಮೇಲೆ ಅಂಟಿಸಿದ್ದ ನಮ್ಮ ಹಾಳೆಯನ್ನು ಹರಿದು, ಮೇಜಿನ ಮೇಲಿದ್ದ ಹಣ್ಣಿನ ರಾಶಿಗೆ ಹಾಕಿ ಹೊರಗೆ ಬಂದೆ.

ಅವ್ವ ಗೋಡೆಗೆ ಒರಗಿ ಕೂತಿದ್ದಳು. ನಾನು ಇನ್ನು ಶಾಲೆಗೆ ಹೋಗುವುದಿಲ್ಲ ಅಂದೆ.

“ನನ್ನ ಕೈ ಯಾತಕ್ಕ ಮುರದಾದ ಗೊತ್ತದ ಏನು ನಿನಗ?”

“ಅಂವ ನಿನ್ನ ಹೆಸರು ಹೇಳಿದ ಅವ್ವ. ಎಲ್ಲಾರ ಮುಂದ ನಿನ್ನ ಮ್ಯಾಲೇ ಹಾಕಿದ.”

“ಹಾಕ್ಲಿ. ನಿನಗ ಪಾಠ ಹೇಳ್ತಾನಲ್ಲ, ಅಷ್ಟು ಸಾಕು. ನಡಿ ಸಾಲಿಗಿ.”

“ಒಲ್ಲೆ.”

ಎಡಗೈಯಿಂದ ಹೊಡೆದಳು. ಅವ್ವ ನನಗೆ ಹೊಡೆದದ್ದು ಅದೊಂದೇ ಸಲ. ನಾನು ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಮಾತೂ ಬದಲಿಸಲಿಲ್ಲ.

ವಿಚಿತ್ರ ಅಂದರೆ, ಆಮೇಲೆ ಅಪ್ಪನೇ ಶಾಲೆಗೆ ಹೋಗು ಅಂತ ಬೆನ್ನು ಹತ್ತಿದ. ಹೆಂಡತಿ ಕೈ ಮುರಿದ, ಮಾಸ್ತರರಿಗೆ ಹೊಡೆದ, ಮಗನ ಶಾಲೆಯನ್ನೂ ಬಿಡಿಸಿದ ಅಂತ ಸಂತೆಯಲ್ಲಿ ಮಂದಿ ಆಡಿಕೊಳ್ಳತೊಡಗಿದ್ದರು.

“ನಾ ಬಿಡಸಿಲ್ಲ ನಿನಗ. ನಾಳಿ ಹೋಗಿ ಕುಂದರು.”

“ಒಲ್ಲೆ.”

ಅವನು ಬಡಿಗೆ ಎತ್ತಿದ. ಬೀಸುವ ಮೊದಲೇ ನಾನು ಅದರ ಇನ್ನೊಂದು ತುದಿ ಹಿಡಿದೆ. ಅವನು ಎಳೆದ, ನಾನು ಬಿಡಲಿಲ್ಲ. ಕಾಲು ನೆಲಕ್ಕೆ ಊರಿ ನಿಂತೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ, ಕೊನೆಗೆ ಬಿಟ್ಟವನು ಅಪ್ಪ. ನನ್ನ ಮೈಯಲ್ಲಿ ನನ್ನದೇ ಅನ್ನುವ ಒಬ್ಬ ಮನುಷ್ಯ ಎದ್ದು ನಿಂತದ್ದು ಆ ಹೊತ್ತಿನಲ್ಲಿ. ಇವತ್ತು ಯಾವ ದೊಡ್ಡ ಗುತ್ತಿಗೆದಾರ ಬಂದು ದನಿ ಏರಿಸಿದರೂ ನನ್ನ ಕಣ್ಣು ಕೆಳಗಾಗುವುದಿಲ್ಲ.

ಅದೇ ವಾರ ಮೌಲಾನ ಮಾಮು ನನ್ನನ್ನು ಕಲಬುರಗಿಗೆ ಕರೆದೊಯ್ದ. ಜಗತ್ ಸರ್ಕಲ್ ಹತ್ತಿರ ಅವನದೊಂದು ವೆಲ್ಡಿಂಗ್ ಅಂಗಡಿ ಇತ್ತು. ಅಂಗಡಿಯ ಅಟ್ಟವೇ ನನ್ನ ಮನೆಯಾಯಿತು. ಮಾಮು ಬಾಯಿ ತುಂಬ ಬೈಯುತ್ತಿದ್ದ, ಕೈ ಎತ್ತುತ್ತಿರಲಿಲ್ಲ.

“ಆಂಖಾಂ ಫೋಡ್‌ಲೇತಾ ಕ್ಯಾ ರೇ? ಕಣ್ಣು ಕಳಕೋತೀ ಏನು? ಚಷ್ಮಾ ಹಾಕೋ ಮೊದಲ!”

ನೋಡಿ, ಮಾಡಿ ಕಲಿಯಿರಿ ಅಂತ ಚಿದಾನಂದ ಸರ್ ಹೇಳಿದ ಮಾತು ಸುಳ್ಳಲ್ಲ. ನಾನು ಹಾಗೇ ಕಲಿತೆ. ಕೈ ಸುಟ್ಟುಕೊಂಡೆ, ಕಣ್ಣು ಉರಿಸಿಕೊಂಡೆ, ಮಾಮುವಿನ ಎಲ್ಲ ಗಿರಾಕಿಗಳೂ ನನ್ನನ್ನೇ ಕೇಳಿಕೊಂಡು ಬರುವ ಹಾಗೆ ದುಡಿದೆ, ಮುಂದೆ ನನ್ನದೇ ಅಂಗಡಿ ಹಾಕಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಮನೆಗೆ ಕರೆತಂದೆ. ಬಂದ ದಿನ ಅಂಗಡಿ ತೋರಿಸಿದೆ. ಯಂತ್ರ, ಕಬ್ಬಿಣ, ಕೆಲಸದ ಹುಡುಗರು, ಮೇಲೆ ನನ್ನ ಹೆಸರಿನ ಬೋರ್ಡು. ಅವಳು ಬೋರ್ಡಿನ ಕಡೆ ನೋಡಿ ಓದಲು ಬಾರದ್ದಕ್ಕೆ ಏನು ಬರೆದಿದೆ ಅಂತ ಕೇಳಿದಳು. ಹೇಳಿದೆ. ಹೂಂ ಅಂದಳು. ನೆರೆಮನೆಯ ಹೆಂಗಸರು ಬಂದು ನಿಮ್ಮ ಮಗ ಎಷ್ಟು ಗಟ್ಟಿಗ ನೋಡ್ರಿ ಅಂದರೆ, ಅವಳು ಇಂದಿಗೂ ಕೊಡುವ ಉತ್ತರ ಒಂದೇ:

“ಅದೆಲ್ಲಾ ಖರೇ ಅದ ಯವ್ವ. ಸಾಲಿ ಮಾತ್ರ ಕಲೀಲಿಲ್ಲ ಇಂವ.”

ನಾನು ಎದುರಾಡುವುದಿಲ್ಲ. ನಾನು ಮಾಡಿದ್ದು ಸರಿ ಅಂತ ನನಗೆ ಗೊತ್ತು. ಅವಳಿಗೆ ಅದನ್ನು ಒಪ್ಪಿಸುವ ಕೆಲಸ ನನ್ನ ಕೈಯಲ್ಲಿ ಆಗಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂದು ಅಂಗಡಿ. ಎರಡು ವೆಲ್ಡಿಂಗ್ ಮಷಿನ್. ಕೆಲಸಕ್ಕೆ ಮೂವರು. ಎರಡು ಖೋಲಿಯ ಸ್ವಂತ ಮನೆ. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಅವ್ವ. ಅವ್ವನ ಸೊಟ್ಟ ಬಲಗೈ.